ಸದ್ದು ನಿಂತ ಮೇಲೆ

ತಂಗಿ ಹಾರಾಟಕ್ಕೆ ಹೊರಟಳೆಂದರೆ ಅಣ್ಣ ತಿಂಡಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅವನದು ಉಪ್ಪಿನಾಗರದಲ್ಲಿ ಕೆಲಸ. ಕಡಲ ನೀರು ಪಾತಿಯಲ್ಲಿ ಒಣಗಿ ಉಪ್ಪಾದ ಮೇಲೆ ಅದನ್ನು ಹಲಗೆಯಿಂದ ಎಳೆದು ಗುಡ್ಡೆ ಹಾಕಬೇಕು. ತಂಗಿ ಅದೇ ಆಗರದ ದಂಡೆ ಎಲ್ಲಿ ಒಡೆದಿದೆ ಎಂದು ಹೆಲಿಕಾಪ್ಟರಿನ ಹಾಗೆ ಕಾಣುವ ಪುಟ್ಟ ಜೈರೋಪ್ಲೇನಿನಲ್ಲಿ ಹಾರಿ ನೋಡಿಬರುವವಳು. ಎಂಜಿನ್ ಕೈಕೊಟ್ಟರೆ ಅದು ಕಲ್ಲಿನ ಹಾಗೆ ಬೀಳುತ್ತದೆ ಎಂದೇ ಅಣ್ಣ ನಂಬಿದ್ದ.

ಅವಳು ಹೇಳಿ ಹೇಳಿ ಸೋತಿದ್ದಳು. ಹಾರುವಾಗ ಎಂಜಿನ್ ತಿರುಗಿಸುವುದು ಹಿಂದಿನ ಫ್ಯಾನನ್ನು ಮಾತ್ರ. ತಲೆಯ ಮೇಲಿನ ಉದ್ದ ರೆಕ್ಕೆಗಳನ್ನು ತಿರುಗಿಸುವುದು ಗಾಳಿ. ಎಂಜಿನ್ ನಿಂತರೂ, ಇಳಿದು ಬರುವಷ್ಟು ಹೊತ್ತು ಅವು ತಿರುಗುತ್ತಲೇ ಇರುತ್ತವೆ. ಅತ್ತಿಗೆ ಕಿವಿಗೊಟ್ಟು ಕೇಳುತ್ತಿದ್ದಳು. ಅಣ್ಣ ಮಾತ್ರ, "ಕತೆ ಕಟ್ಬೇಡ. ಆ ಕೆಲಸ ಬಿಡು" ಎಂದು ಎದ್ದುಹೋಗುತ್ತಿದ್ದ.

ಆ ಬೆಳಗ್ಗೆ ಆಗರದ ಮೇಲೆ ತೆಳುವಾಗಿ ಮಂಜು ಕವಿದಿತ್ತು. ಗಂಡ ಹೆಂಡತಿ ಉಪ್ಪು ಎಳೆಯುತ್ತಿದ್ದರು. ಮೇಲೆಲ್ಲೋ ಗುಂಯ್‌ಗುಡುತ್ತಿದ್ದ ಎಂಜಿನ್ ಕೆಮ್ಮಿದ ಹಾಗಾಯಿತು. ಮತ್ತೆ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ.

ಅಷ್ಟು ದೊಡ್ಡ ಬಯಲಿನಲ್ಲಿ ಒಂದೊಂದಾಗಿ ಎಲ್ಲರ ಹಲಗೆಗಳೂ ನಿಂತವು. ಅಣ್ಣ ಕಣ್ಣು ಮುಚ್ಚಿ, ಬೀಳುವ ಸದ್ದಿಗಾಗಿ ಕಾದ. ಅದು ಬರಲಿಲ್ಲ. ಮಂಜಿನೊಳಗಿಂದ ಸುಯ್, ಸುಯ್ ಎಂದು, ಯಾರೋ ನೆತ್ತಿಯ ಮೇಲೇ ಉಸಿರಾಡಿದ ಹಾಗೆ ಕೇಳಿಸಿತು. ಕಪ್ಪು ಆಕಾರವೊಂದು ಮೂತಿ ತಗ್ಗಿಸಿಕೊಂಡು ನೀರಿಲ್ಲದ ಪಾತಿಯ ಕಡೆಗೆ ಜಾರಿ ಬಂತು. ನೆಲದ ಹತ್ತಿರ ಮೂತಿ ಎತ್ತಿ, ಚಕ್ರ ಊರಿ, ಒಂದಿಷ್ಟು ಉರುಳಿ ನಿಂತಿತು.

ಒಳಗೆ ತಂಗಿ ನೆಟ್ಟಗೆ ಕೂತಿದ್ದಳು. ಹೆಲ್ಮೆಟ್ಟಿನ ಗಾಜಿನ ಹಿಂದೆ ಮುಖ ಕಾಣಲಿಲ್ಲ. ಅಂಗೈಯೊಂದು ಇವರತ್ತ ಎತ್ತಿದ್ದು ಎತ್ತಿದ ಹಾಗೇ ಇತ್ತು.

"ಚಿನ್ನೀ" ಎಂದು ಅಣ್ಣ ಕೂಗಿದ. ಆ ಕೈ ಅಲುಗಲಿಲ್ಲ. ಜೀವ ಹೋಗಿದೆ ಎಂದುಕೊಂಡು ಅಣ್ಣ ಓಡಿದ. ಹೆಂಡತಿ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ರಭಸಕ್ಕೆ ಇಬ್ಬರೂ ಉಪ್ಪಿನ ಮೇಲೆ ಬಿದ್ದರು.

"ಮೇಲೆ ನೋಡಿ" ಎಂದಳು ಅವಳು. "ರೆಕ್ಕೆ ಇನ್ನೂ ನಿಂತಿಲ್ಲ."

ಎಂಜಿನ್ ಸತ್ತಿತ್ತು, ಆದರೂ ರೆಕ್ಕೆಗಳು ತಮ್ಮಷ್ಟಕ್ಕೆ ತಾವೇ ತಿರುಗುತ್ತಿದ್ದವು. ವೇಗ ಇಳಿದಂತೆಲ್ಲ ಅವುಗಳ ತುದಿ ಜೋತುಬೀಳುತ್ತಿತ್ತು. ಗಾಳಿ ಬೀಸಿದಾಗ ಒಂದು ರೆಕ್ಕೆ ಬಾಗಿ, ಅಣ್ಣ ಅಷ್ಟರಲ್ಲಿ ತಲುಪಿರುತ್ತಿದ್ದ ಜಾಗವನ್ನು ಆಳೆತ್ತರದಲ್ಲಿ ಸವರಿಕೊಂಡು ಹೋಯಿತು. ಅವನು ಕುತ್ತಿಗೆ ಮುಟ್ಟಿ ನೋಡಿಕೊಂಡ.

ರೆಕ್ಕೆ ಪೂರ್ತಿ ನಿಂತ ಮೇಲೆ ತಂಗಿ ಹೆಲ್ಮೆಟ್ ತೆಗೆದು ಕೈಬೀಸಿ ಕರೆದಳು.

"ಕೂಗಿದ್ರೆ ಓ ಅನ್ಬಾರ್ದಾ?" ಅಣ್ಣ ಹೋಗಿ ಅವಳ ಎರಡೂ ಭುಜ ಹಿಡಿದ.

"ಹೆಲ್ಮೆಟ್ಟಲ್ಲಿ ಏನೂ ಕೇಳ್ಸಲ್ಲ ಅಣ್ಣಾ. ಬರ್ಬೇಡ ಅಂತ್ಲೇ ಕೈ ಎತ್ತಿ ಹಿಡ್ದಿದ್ದೆ, ನೀನು ಓಡಿ ಬರೋದು ಮಾತ್ರ ಕಾಣ್ತಿತ್ತು. ಎಂಜಿನ್ ನಿಂತಾಗ್ಲೂ ನಂಗೆ ಅಷ್ಟು ಭಯ ಆಗಿರ್ಲಿಲ್ಲ."

ಸದ್ದು ನಿಂತ ಕೂಡಲೇ ಮೂತಿ ತಗ್ಗಿಸಿ ವೇಗ ಉಳಿಸಿಕೊಂಡೆ, ಹಿಂದಿರುಗುವ ಆಸೆ ಬಿಟ್ಟು ಗಾಳಿಗೆದುರಾಗಿ ಸಿಕ್ಕ ಒಣ ನೆಲ ಹಿಡಿದೆ ಎಂದಳು. ಆಮೇಲೆ ಟ್ಯಾಂಕಿನ ತಳದಿಂದ ಇಂಧನವನ್ನು ಗಾಜಿನ ಶೀಸೆಗೆ ಇಳಿಸಿದಳು. ಅಡಿಯಲ್ಲಿ ನೀರು ಬೇರೆಯಾಗಿ, ಕಣ್ಣಗುಡ್ಡೆಯ ಹಾಗೆ ಹೊಳೆಯುತ್ತ ಕೂತಿತ್ತು. ಎಂಜಿನ್ ನಿಲ್ಲಿಸಿದ್ದು ಅದೇ ನೀರು. ಹಾರುವ ಮುಂಚೆ ಹೀಗೆ ಇಳಿಸಿ ನೋಡಬೇಕಾದದ್ದನ್ನು ಅವಸರದಲ್ಲಿ ಬಿಟ್ಟಿದ್ದಳು.

ಈಗ ಅಣ್ಣ ಕೆಲಸ ಬಿಡು ಎನ್ನುವುದಿಲ್ಲ. "ಶೀಸೆ ನೋಡಿದ್ಯಾ?" ಎಂದು ಕೇಳಿಯೇ ಕಳಿಸುತ್ತಾನೆ.

ಹಾರುವವರೇ, ಪ್ರತಿ ಸಲವೂ ಇಂಧನ ಪರೀಕ್ಷಿಸಿ; ಎಂಜಿನ್ ನಿಂತರೆ ಇಳಿಯಲು ಜಾಗ ಎಲ್ಲಿದೆ ಎಂದು ದಾರಿಯುದ್ದಕ್ಕೂ ನೋಡುತ್ತಿರಿ. ನೆಲದ ಮೇಲಿರುವವರೇ, ನಿಮ್ಮ ತಲೆಯ ಮೇಲಿನ ಸದ್ದು ಇದ್ದಕ್ಕಿದ್ದಂತೆ ನಿಂತರೆ ಬಯಲು ತೆರವು ಮಾಡಿ, ಮಕ್ಕಳನ್ನು ಹಿಡಿದುಕೊಳ್ಳಿ, ಬೀಡಿ ಸಿಗರೇಟು ಆರಿಸಿ, ಸಹಾಯಕ್ಕೆ ಫೋನ್ ಮಾಡಿ. ಒಳಗಿರುವವರು ನಿಮ್ಮವರೇ ಆಗಿರಲಿ, ರೆಕ್ಕೆ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡುವವರೆಗೆ ಒಂದು ಹೆಜ್ಜೆಯೂ ಮುಂದಿಡಬೇಡಿ.