ಬಾಟಲಿಯಲ್ಲಿ ಉಳಿದದ್ದು

ದೋಣಿ ಕಟ್ಟುವ ನನ್ನ ತಮ್ಮ ಕುಡಿತ ಬಿಟ್ಟು ಅಂದಿಗೆ ನಲವತ್ತೊಂದು ದಿನ. ಮತ್ತೆ ಶುರುವಾದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಅವನ ಮನೆಗೇ ಬಂದು ಉಳಿದಿದ್ದೆ.

ನಾವು ಹುಟ್ಟಿದ ಊರಿನಲ್ಲಿ ಹೆಂಡದಂಗಡಿಯ ಮುಂದೆ ಸುಮ್ಮನೆ ನಿಂತವನೂ ಕುಡುಕನೇ. ತಮ್ಮ ಕೆಲಸಕ್ಕೆ ಸೇರಿದ ಈ ಊರಿನಲ್ಲಿ ಸಂಜೆ ಕುಡಿಯದವನೇ ವಿಚಿತ್ರ. ಮರುದಿನ ಕೆಲಸಕ್ಕೆ ಬಂದರಾಯಿತು, ಯಾರೂ ಕುಡುಕ ಎನ್ನುವುದಿಲ್ಲ. ತಮ್ಮನೋ, ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ. ಬಿಟ್ಟ ಮೊದಲ ವಾರ ಕೈ ನಡುಗಿದಾಗ, "ನೋಡಿ ಅಕ್ಕಾ, ಬಿಟ್ಟಿದ್ದಕ್ಕೇ ಕಾಯಿಲೆ ಬಂತು" ಎಂದು ಜೊತೆಯವರು ನನಗೇ ಬುದ್ಧಿ ಹೇಳಿದ್ದರು.

ಅಂದು ಮಧ್ಯಾಹ್ನ ಹೊಸ ದೋಣಿ ನೀರಿಗಿಳಿಯುವುದಿತ್ತು. ಕೊನೆಯ ಮೊಳೆ ಹೊಡೆದವನು ಬಾಟಲಿಯ ಹೆಂಡವನ್ನು ಒಂದೇ ಲೋಟದಲ್ಲಿ ಎಲ್ಲರಿಗೂ ಬಗ್ಗಿಸಿ ಕೊಟ್ಟು, ಉಳಿದದ್ದನ್ನು ತಾನು ಕುಡಿಯಬೇಕೆಂಬುದು ದೋಣಿ ಕಟ್ಟುವ ಆ ಶೆಡ್ಡಿನ ಪದ್ಧತಿ. ಕುಡಿಯದಿದ್ದರೆ ತಾನು ಹೊಡೆದ ಮೊಳೆಯ ಮೇಲೆ ಅವನಿಗೇ ನಂಬಿಕೆಯಿಲ್ಲ ಎಂದರ್ಥ. ಕೊನೆಯ ಮೊಳೆ ಯಾವಾಗಲೂ ಹಿರಿಯನದು, ಅಂದರೆ ತಮ್ಮನದು.

ಊಟದ ಡಬ್ಬಿಯ ನೆಪ ಮಾಡಿಕೊಂಡು ನಾನೂ ಹೋಗಿ ನಿಂತೆ. ತಮ್ಮ ಬಗ್ಗಿಸುತ್ತ ಸಾಲಿನ ಕೊನೆಗೆ ಬಂದಾಗ ಬಾಟಲಿಯಲ್ಲಿ ಮೂರು ಬೆರಳಷ್ಟು ಉಳಿದಿತ್ತು. ಅದನ್ನು ಅವನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಮುಂದಿಟ್ಟೆ.

ಕೊನೆಯಲ್ಲಿದ್ದವನು ಬಣ್ಣ ಬಳಿಯುವವನು. ಕುಡಿತ ಬಿಡಬೇಡ ಎಂದು ತಮ್ಮನನ್ನು ಎಲ್ಲರಿಗಿಂತ ಹೆಚ್ಚು ಪೀಡಿಸಿದವನೂ ಅವನೇ.

"ಏನಣ್ಣಾ, ಕಣ್ಣಿಗೆ ಔಷಧಿ ಬಿಟ್ಟ ಹಾಗೆ ಬಿಡ್ತೀಯಾ? ಇನ್ನೂ ಹಾಕು."

ತಮ್ಮ ಹಾಕಿದ.

"ಇನ್ನೂ."

"ಹೊಟ್ಟೆನೋ ಹಂಡೆನೋ ನಿಂದು!" ಎಂದರು ಮೇಸ್ತ್ರಿ.

ಬಾಟಲಿ ಬರಿದಾಯಿತು. ಬಣ್ಣದವನು ಗಟಗಟ ಕುಡಿದು ಲೋಟ ಕವುಚಿದ. "ಅಯ್ಯೋ, ನಿನಗೆ ಉಳೀಲೇ ಇಲ್ವಲ್ಲಣ್ಣಾ!"

ಮೇಸ್ತ್ರಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಉಳಿದಿದ್ದನ್ನ ಕುಡೀಬೇಕು ಅಂತ ತಾನೇ ಪದ್ಧತಿ? ಏನೂ ಉಳಿದಿಲ್ಲ. ಮುಗೀತು. ನೂಕ್ರೋ ದೋಣೀನ!"

ದೋಣಿ ಸರಾಗವಾಗಿ ನೀರಿಗಿಳಿಯಿತು. ಬಣ್ಣದವನು ನನ್ನ ಪಕ್ಕದಲ್ಲೇ ಹಾದು ಹೋಗುತ್ತ ಮೆಲ್ಲಗೆ ಅಂದ: "ಮುಂದಿನ ದೋಣಿಗೂ ಕೊನೇಲಿ ನಾನೇ ನಿಂತ್ಕೋತೀನಿ, ಅಕ್ಕಾ."

ತಮ್ಮ ಹಲಗೆಯೊಂದರ ಮೇಲೆ ಕುಳಿತು ಡಬ್ಬಿ ತೆರೆದ. ಎರಡು ತುತ್ತು ತಿಂದು ಮುಖ ಕಿವುಚಿದ.

"ಏನಕ್ಕಾ, ಉಪ್ಪೇ ಇಲ್ಲ?"

ಅವನ ನಾಲಿಗೆಗೆ ಊಟದ ರುಚಿ ಹತ್ತಿ ಎಷ್ಟು ವರ್ಷವಾಗಿತ್ತೋ! ಉಪ್ಪು ತರುತ್ತೇನೆಂದು ಎದ್ದೆ. ಕಣ್ಣೊರೆಸಿಕೊಳ್ಳಲು ನನಗೂ ಒಂದು ನೆಪ ಬೇಕಿತ್ತು.