ಅರ್ಧ ಹೆಬ್ಬೆಟ್ಟು ಹೊತ್ತ ನಿಘಂಟು

ನಾನೊಂದು ಇಂಗ್ಲಿಷ್-ಕನ್ನಡ ನಿಘಂಟು. ಅಚ್ಚಿನ ಮನೆಯಲ್ಲಿ ಹುಟ್ಟಿ, ಬಿಳಿ ಬಟ್ಟೆಯ ರಟ್ಟು ತೊಟ್ಟು, ಧಾರವಾಡದ ಇಂಗ್ಲಿಷ್ ಮಾಸ್ತರ ಸದಾಶಿವಯ್ಯನವರ ಕೈ ಸೇರಿದೆ. ಮೂವತ್ತು ವರ್ಷ ನನ್ನನ್ನು ಕೂಸಿನಂತೆ ನೋಡಿಕೊಂಡರು. "ಶಬ್ದದ ಅರ್ಥ ಅಷ್ಟ ಕೇಳಬ್ಯಾಡ, ಅದರ ಹುಟ್ಟೂ ಕೇಳು," ಎಂದು ಮಗಳು ಶಾಂಭವಿಗೆ ಹೇಳುತ್ತಿದ್ದರು.

ಒಮ್ಮೆ ಮಾಸ್ತರು ಜಾರಿಬಿದ್ದು, ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಕರೆದರೆ ಓಗೊಡಲಿಲ್ಲ. ಕೇಳಿಯಾದರೂ ಎಚ್ಚರಾದಾರು ಎಂದು ಶಾಂಭವಿ ದಿನವೂ ಅವರ ಕಿವಿಯಲ್ಲಿ ನನ್ನ ಶಬ್ದಗಳನ್ನು ಓದುತ್ತಿದ್ದಳು. ಒಂದು ಮಧ್ಯಾಹ್ನ ಮಾಸ್ತರ ತಮ್ಮ ಗುರುಬಸಯ್ಯ ಇಬ್ಬರು ಗೆಳೆಯರೊಂದಿಗೆ ಬಂದ.

"ನೀ ಹೋಗಿ ನಾಕ ತುತ್ತು ಉಂಡ ಬಾ ಮಗಳ, ನಾ ಕುಂದ್ರತೀನಿ."

ಅವಳು ಹೋದದ್ದೇ ತಡ, ಆ ಪಾಪಿ ನನ್ನನ್ನೇ ಮಣೆ ಮಾಡಿಕೊಂಡ! ಮನೆ ತನಗೇ ಎಂದು ಬರೆಸಿ ತಂದ ಮೃತ್ಯುಪತ್ರವನ್ನು ನನ್ನ ಮೇಲಿಟ್ಟು, ಅಣ್ಣನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿದ. ಎಚ್ಚರವಿಲ್ಲದವನ ಬೆರಳು ಜಾರಿತು. ಅರ್ಧ ಗುರುತು ಕಾಗದದ ಅಂಚಿಗೆ, ಅರ್ಧ ನನ್ನ ರಟ್ಟಿಗೆ. ಗೆಳೆಯರು ಸಾಕ್ಷಿಯ ಸಹಿ ಹಾಕಿದರು. ಹಲ್ಲು ಕಚ್ಚೋಣವೆಂದರೆ ನನಗೆ ಹಲ್ಲಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿತ್ತು. ಇರು ಮಗನೆ, ನಿನ್ನ ಮುಖಕ್ಕೂ ಮಸಿ ಬಳಿಸುತ್ತೇನೆ ಎಂದುಕೊಂಡೆ.

ಮಾಸ್ತರು ತೀರಿಕೊಂಡರು. ಶಾಂಭವಿಯನ್ನು ಮನೆಯಿಂದ ಹೊರಹಾಕಲು ಗುರುಬಸಯ್ಯ ಕೋರ್ಟಿಗೆ ಹೋದ. ಡಾಕ್ಟರು ಆ ದಿನದ ಕಾಗದದಲ್ಲಿ ರೋಗಿ 'ಆಬ್ಟಂಡೆಡ್' ಎಂದು ಬರೆದಿದ್ದರು. ಬರೆದವರೂ ಈಗ ಬದುಕಿರಲಿಲ್ಲ.

"ಹಂಗಂದ್ರ ಕೈ ಜೋಮ ಹಿಡದಿತ್ತು ಅಂತರಿ ಸಾಹೇಬ್ರ," ಎಂದ ಗುರುಬಸಯ್ಯ. "ಅದಕ್ಕ ಸಹಿ ಬದಲಿ ಹೆಬ್ಬೆಟ್ಟು. ಬುದ್ಧಿ ಚೊಕ್ಕ ಇತ್ತು."

ಶಾಂಭವಿ ಚೀಲದಿಂದ ನನ್ನನ್ನು ತೆಗೆದು ಹಾಳೆ ಬಿಡಿಸಿ ಕೊಟ್ಟಳು. ನ್ಯಾಯಾಧೀಶರು ಗಟ್ಟಿಯಾಗಿ ಓದಿದರು: "ಆಬ್ಟಂಡ್. ಅರಿವನ್ನು ಮಂಕಾಗಿಸು, ಜಡಗೊಳಿಸು. ಮೂಲ ಲ್ಯಾಟಿನ್: ಬಡಿದು ಮೊಂಡಾಗಿಸು."

"ಪೆಟ್ಟು ಬಿದ್ದು ಮೊಂಡಾದದ್ದು ಕೈಯಲ್ಲರಿ, ನಮ್ಮಪ್ಪನ ಎಚ್ಚರ!" ಎಂದಳು. "ಅವತ್ತ ಉಂಡು ಬಂದಾಗ ಇದರ ರಟ್ಟಿನ ಮ್ಯಾಲ ಅರ್ಧ ಹೆಬ್ಬೆಟ್ಟಿನ ಮಸಿ ಕಂಡಿದ್ದೆ. ಇನ್ನ ಆ ಪತ್ರಾನ ಇದರ ಮ್ಯಾಲ ಇಟ್ಟು ನೋಡ್ರಿ."

ಇಟ್ಟರು. ಕಾಗದದ ಅರ್ಧಕ್ಕೆ ನನ್ನ ಅರ್ಧ ಗೆರೆಗೆ ಗೆರೆ ಕೂಡಿತು.

"ಎಚ್ಚರಿದ್ದಾಂವ ಹಿಂಗ ಒತ್ತತಾನೇನ್ರಿ?" ನ್ಯಾಯಾಧೀಶರು ಕೇಳಿದರು. ಗುರುಬಸಯ್ಯ ಮಸಿ ಹತ್ತಿದವನಂತೆ ಮುಖ ಒರೆಸಿಕೊಂಡ. ಅಹಾ, ಎಂಥ ತೃಪ್ತಿ!

ಮನೆ ಶಾಂಭವಿಗೇ ಉಳಿಯಿತು. ಈಗ ನನಗೆ ವಯಸ್ಸಾಗಿದೆ, ಹೊಲಿಗೆ ಬಿಚ್ಚಿದೆ, ಹುಳು ಹತ್ತಿದೆ. ಕಪಾಟಿನಲ್ಲಿಡು ಎಂದು ಯಾರು ಹೇಳಿದರೂ ಅವಳು ಕೇಳುವುದಿಲ್ಲ. ಓಣಿಯ ಕಡೆಯ ಕಿಟಕಿಯಲ್ಲಿ, ರಟ್ಟು ಹೊರಗೆ ಕಾಣುವಂತೆ ನಿಲ್ಲಿಸಿದ್ದಾಳೆ. ಬಿಸಿಲಿಗೆ ಬಟ್ಟೆ ಹಳದಿಯಾಯಿತು, ಮಸಿ ಹಾಗೇ ಇದೆ. ಗುರುಬಸಯ್ಯ ಸಂತೆಗೆ ಈಗ ಈ ಓಣಿ ಬಿಟ್ಟು ಊರು ಸುತ್ತಿ ಹೋಗುತ್ತಾನೆ.