ಖಮರುನ್ನಿಸಾರ ಗಾಳಿಹಾಸಿಗೆ

ಮಲ್ಲೇಶನ ಮಣ್ಣಿಗೆ ಬಂದಿದ್ದ ನೆಂಟರು ಮೂರು ದಿನ ಇದ್ದು ಹೊರಟರು. ನಾಲ್ಕನೆಯ ಬೆಳಗ್ಗೆ ಮನೆಯಲ್ಲಿ ಉಳಿದವರು ಮೂವರೇ: ಹೆಂಡತಿ ಸೌಂದರ್ಯ, ತಾಯಿ ಗುರುಶಾಂತಮ್ಮ, ತಂದೆ ಸದಾಶಿವಯ್ಯ. ಸೌಂದರ್ಯ ಆರು ಗಂಟೆಗೆ ಎದ್ದವಳೇ ನಡುಮನೆಗೆ ಹೋದಳು. ಗಂಡನನ್ನು ಎಡಮಗ್ಗುಲಿಗೆ ಹೊರಳಿಸುವ ಹೊತ್ತು ಅದು. ಬಗ್ಗಿ ಕೈ ಚಾಚಿದ ಮೇಲೆ ನೆನಪಾಯಿತು. ಮಂಚದ ಮೇಲೆ ಗಾಳಿಹಾಸಿಗೆಯೊಂದೇ ಉಬ್ಬುತ್ತ, ಇಳಿಯುತ್ತ ಇತ್ತು.

ಆ ಹಾಸಿಗೆಯ ಮೈಯೆಲ್ಲ ಕೊಳವೆ ಕೊಳವೆ. ಪುಟ್ಟ ಪಂಪು ಒಂದು ಸಾಲಿಗೆ ಗಾಳಿ ತುಂಬಿದಾಗ ಪಕ್ಕದ ಸಾಲು ಇಳಿಯುತ್ತದೆ. ಮಲಗಿದವರ ಭಾರ ಒಂದೇ ಕಡೆ ಊರುವುದಿಲ್ಲ. ಬೆನ್ನು ಹುಣ್ಣಾಗುವುದು ತಪ್ಪುತ್ತದೆ. ಮಗ ಹೋದ ಮೇಲೂ ಪಂಪು ಆರಿಸಲು ಗುರುಶಾಂತಮ್ಮ ಬಿಟ್ಟಿರಲಿಲ್ಲ. ಕರೆಂಟು ಹೋಗಿ ಸದ್ದು ನಿಂತಾಗಲೆಲ್ಲ ಬೆಚ್ಚಿ ಎದ್ದು ಕೂರುತ್ತಿದ್ದರು.

ಹಾಸಿಗೆ ಅವರದಲ್ಲ. ಕೊಬ್ಬರಿ ಅಟ್ಟದ ಮೇಲೆ ಕಾಯಿ ತಿರುವಿ ಹಾಕುವಾಗ ಕಾಲಡಿಯ ಅಡಿಕೆ ದಬ್ಬೆ ಮುರಿದು ಮಲ್ಲೇಶ ಕೆಳಗೆ ಬಿದ್ದಿದ್ದ. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ತಿಂಗಳೊಳಗೆ ಬೆನ್ನಲ್ಲಿ ಅಂಗೈಯಗಲದ ಹುಣ್ಣು. ಸೌಂದರ್ಯ ಕಿಬ್ಬನಹಳ್ಳಿಯ ಔಷಧಿ ಅಂಗಡಿಗೆ ಹೋಗಿ ಇಂಥದೊಂದು ಹಾಸಿಗೆ ಕೇಳಿದಳು. ತರಿಸಲು ವಾರ ಬೇಕು ಎಂದರು. ಹಿಂದೆ ಬುರ್ಖಾ ಹಾಕಿ ನಿಂತಿದ್ದ ಹೆಂಗಸು ರೋಗಿಯ ತೂಕ ಎಷ್ಟು ಎಂದು ಕೇಳಿದರು. ಕೇಳಿದ್ದು ಅದೊಂದೇ.

"ನಮ್ಮಪ್ಪ ಮಲಗಿದ್ದ ಹಾಸಿಗೆ ಮನೇಲಿ ಸುಮ್ನೆ ಮಡಚಿಟ್ಟದೆ. ವಾರ ಯಾಕೆ ಕಾಯ್ತೀರಾ, ನಡೀರಿ ಇವತ್ತೇ ಹಾಕಿಬುಡೋಣ," ಎಂದರು.

ಅವರೇ ಖಮರುನ್ನಿಸಾ, ಕಿಬ್ಬನಹಳ್ಳಿಯಲ್ಲಿ ಬಟ್ಟೆ ಹೊಲಿಯುವವರು. ಆಟೊದಲ್ಲಿ ಜೊತೆಗೇ ಬಂದು ಹಾಸಿಗೆ ಹಾಕಿಕೊಟ್ಟರು. ಎರಡು ಗಂಟೆಗೊಮ್ಮೆ ರೋಗಿಯನ್ನು ಹೇಗೆ ಹೊರಳಿಸಬೇಕೆಂದು ತೋರಿಸಿದರು. ಗುರುಶಾಂತಮ್ಮ ಅವರಿಗೆ ಬೇರೆ ಲೋಟದಲ್ಲಿ, ಜಗಲಿಯ ಮೇಲೆ ಕಾಫಿ ಕೊಟ್ಟರು. ಆಕೆ ಕುಡಿದು, ನಲ್ಲಿಯಲ್ಲಿ ಲೋಟ ತೊಳೆದು ಬೋರಲು ಹಾಕಿ ಹೋದರು. ಆಮೇಲೆ ಮೂರು ಸಲ ಬಂದಾಗಲೂ ಅದೇ ಲೋಟ, ಅದೇ ಜಗಲಿ. ಮಲ್ಲೇಶ ಮಾತ್ರ ಅವರನ್ನು ಅಕ್ಕಾ ಎಂದು ಕರೆದು, ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದ. ಅವನು ನಗುವಾಗ ಹಾಸಿಗೆಯೂ ಕುಲುಕುತ್ತಿತ್ತು.

ಆ ಬೆಳಗ್ಗೆ ಎಂಟಕ್ಕೆ ಮಲ್ಲೇಶನ ಫೋನು ಹೊಡೆದುಕೊಂಡಿತು. ಖಮರುನ್ನಿಸಾ. ಅವರಿಗೆ ಸುದ್ದಿಯೇ ತಲುಪಿರಲಿಲ್ಲ. ಶೆಟ್ಟಿಕೆರೆಯಲ್ಲಿ ಪುಟ್ಟಗಂಗಮ್ಮ ಅಂತ ಒಬ್ಬ ಅಜ್ಜಿ ಸೊಂಟ ಮುರಿದುಕೊಂಡು ಮಲಗಿದ್ದಾರೆ, ಬೆನ್ನು ಕೆಂಪಾಗಿ ಚರ್ಮ ಬಿರಿಯುತ್ತಿದೆ, ಬೇರೆ ಎಲ್ಲಾದರೂ ಇಂಥ ಹಾಸಿಗೆ ಇದ್ದದ್ದು ಗೊತ್ತೇ ಎಂದು ವಿಚಾರಿಸಿದರು. ತಮ್ಮದನ್ನು ವಾಪಸು ಕೇಳಲಿಲ್ಲ. "ನಿಮ್ದು ನಿಮ್ಗೇ ಇರ್ಲಿ. ಮಲ್ಲೇಶಪ್ಪ ಹೆಂಗವ್ರೆ?" ಎಂದರು.

ಸೌಂದರ್ಯ, ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟಳು. ನಾಲ್ಕು ದಿನದಿಂದ ಅವಳು ಅತ್ತೂ ಇರಲಿಲ್ಲ. ಅವನು ಹೋದ ಎಂಬ ಮಾತು ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ.

ಶೆಟ್ಟಿಕೆರೆಯ ಅಜ್ಜಿಯ ವಿಷಯ ತಿಳಿಸಿ, ಹಾಸಿಗೆ ಇವತ್ತೇ ಕೊಟ್ಟುಬರುತ್ತೇನೆ ಎಂದು ಅತ್ತೆಗೆ ಹೇಳಿದಳು. ಗುರುಶಾಂತಮ್ಮ ಮಂಚಕ್ಕೆ ಅಡ್ಡ ಕೂತರು. ಹನ್ನೊಂದು ದಿನ ಕಳೆಯುವವರೆಗೆ ಮನೆಯಿಂದ ಸಾಮಾನು ಹೊರಗೆ ಹೋಗಬಾರದು ಎಂದರು.

ಅಷ್ಟರಲ್ಲಿ ಮಾತಾಡಿಸಿಕೊಂಡು ಹೋಗಲು ಊರಿನ ಆಶಾ ಕಾರ್ಯಕರ್ತೆ ಸುನಂದಾ ಬಂದರು. ಗುರುಶಾಂತಮ್ಮ ಎಲ್ಲ ಹೇಳಿ ಅವರನ್ನೇ ನ್ಯಾಯಕ್ಕೆ ಕರೆದರು.

"ನೀನೇ ಹೇಳವ್ವ. ಸಾವಾದ ಹಾಸ್ಗೆ ಇದು. ಇದ್ರ ಮೇಲೆ ಮಲಗಿ ಆ ಮುದುಕಿಗೂ ಹಂಗೇ ಆದ್ರೆ ಪಾಪ ಯಾರಿಗೆ?"

"ಗುರುಶಾಂತಕ್ಕ, ಸಾವೇನು ಹಾಸ್ಗೆಯಿಂದ ಅಂಟ್ಕಳಲ್ಲ ಕಣಕ್ಕ. ಆದ್ರೆ ಹನ್ನೊಂದು ದಿನ ಕಾದ್ರೆ ಆ ಹುಣ್ಣು ಮೂಳೆ ಮುಟ್ತದೆ. ಮಲ್ಲೇಶಣ್ಣಂಗೆ ಮೊದ್ಲು ಆಗಿತ್ತಲ್ಲ, ಒರೆಸಕ್ ಹೋದ್ರೆ ಹತ್ತಿ ಒಳಗೋಗೋದು. ನೀನೇ ನೋಡಿಲ್ವಾ?"

ಹಾಸಿಗೆಯನ್ನು ಸೋಪಿನ ನೀರಲ್ಲಿ ಒರೆಸಿ, ಬ್ಲೀಚಿಂಗ್ ದ್ರಾವಣದ ಬಟ್ಟೆ ಆಡಿಸಿ, ಮತ್ತೆ ಬರೀ ನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಯಾರಿಗೆ ಬೇಕಾದರೂ ಹಾಸಬಹುದು ಎಂದು ಸುನಂದಾ ತಿಳಿಸಿ ಹೇಳಿದರು. ಆದರೂ ಅತ್ತೆ ಏಳಲಿಲ್ಲ. ಸೂತಕ, ಸೂತಕ ಎಂದೇ ಅನ್ನುತ್ತಿದ್ದರು.

ಕಂಬಕ್ಕೊರಗಿ ಕೂತಿದ್ದ ಸದಾಶಿವಯ್ಯ ಆಗ ಬಾಯಿ ಬಿಟ್ಟರು. "ನಮ್ಗೆ ಎಲ್ಲೀ ಸೂತಕ ಕಣೇ? ನಮ್ಮಪ್ಪನ್ನ ಸಮಾಧಿ ಮಾಡಿ ಬಂದು, ಲಿಂಗಪೂಜೆ ಮಾಡ್ಕೊಂಡು ಊಟಕ್ಕೆ ಕೂತೋರು ನಾವು. ಅಕ್ಕಪಕ್ಕದೋರ ಮನೇಲಿ ನೋಡಿ ಕಲ್ತಿದ್ದೀಯ ಇದ್ನೆಲ್ಲ. ಸಾವಿನ ಸೂತಕ ಇಲ್ಲ ಅಂದ ಹಿರೀಕರು ಜಾತಿ ಸೂತಕಾನೂ ಇಲ್ಲ ಅಂದಿದ್ರು. ಆ ಹೆಣ್ಮಗಳನ್ನ ಜಗಲಿ ಮೇಲೆ ಕೂರಿಸ್ದಾಗ ನಾನೂ ಸುಮ್ಕಿದ್ದೆ. ಅದು ನನ್ ತಪ್ಪು."

ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ ಹಳೆಯದನ್ನು ತೆಗೆದರು. ಅವರು ಚಿಕ್ಕವರಿದ್ದಾಗ ತೆಂಗಿನ ಚಿಪ್ಪು ಕೊಳ್ಳುವ ಸಾಬರು ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ರಂಜಾನಿನಲ್ಲಿ ಹೊತ್ತು ಮುಳುಗುವಾಗ ಯಾರ ತೋಟದ ಹತ್ತಿರ ಇದ್ದರೆ ಆ ತೋಟದವರೇ ಎಳನೀರು ಕೆತ್ತಿ ಉಪವಾಸ ಬಿಡಿಸುವುದು. ಅವರ ಎತ್ತಿಗೂ ಇವರದೇ ಹುಲ್ಲು. ಎಷ್ಟು ಜನ ಬಂದು ಹೋದರೋ, ಒಬ್ಬರ ಹೆಸರೂ ಗೊತ್ತಿಲ್ಲ ಎಂದರು.

ಗುರುಶಾಂತಮ್ಮ ಬಹಳ ಹೊತ್ತು ಹಾಸಿಗೆಯ ಮೇಲೆ ಕೈಯಾಡಿಸಿದರು. ಮಗನ ಹೆಗಲು ಊರಿದ್ದ ಕಡೆ ಕೈ ನಿಂತಿತು. "ಸೂತಕ ಅಂದಿದ್ದು ಸುಳ್ಳು ಕಣೇ ಸೌಂದರ್ಯ," ಎಂದರು. "ಇದೂ ಹೋದ್ರೆ ಮಂಚ ಬರಿದಾಗ್ತದಲ್ಲ ಅಂತ."

ಎದ್ದು ತಾವೇ ಸ್ವಿಚ್ಚು ಆರಿಸಿದರು. ಗಾಳಿ ನಿಧಾನವಾಗಿ ಇಳಿಯಿತು. ಮೂವರೂ ಹೆಂಗಸರು ಸೇರಿ ಹಾಸಿಗೆ ತೊಳೆದು ತೆಂಗಿನ ನೆರಳಲ್ಲಿ ಒಣಹಾಕಿದರು. ಮಧ್ಯಾಹ್ನ ಮಡಚಿ ಕಟ್ಟುವಾಗ ಗುರುಶಾಂತಮ್ಮ ಸೊಸೆಗೆ, "ಆಯಮ್ಮನ್ನ ಒಂದಿನ ಕರ್ಕೊಂಡು ಬಾ. ಒಳೀಕೆ ಬರ್ಲಿ," ಎಂದರು.

ಕಿಬ್ಬನಹಳ್ಳಿಯಲ್ಲಿ ಖಮರುನ್ನಿಸಾ ಬಾಗಿಲು ತೆರೆದರು. ಸೌಂದರ್ಯಳ ಕಂಕುಳಲ್ಲಿದ್ದ ಕಟ್ಟನ್ನು ನೋಡಿದರು, ಮುಖ ನೋಡಿದರು. ಅವರಿಗೆ ತಿಳಿಯಿತು. ಆದರೂ ಸೌಂದರ್ಯ ಹೇಳಲೆಂದು ಕಾದರು.

"ಹೋಗ್ಬಿಟ್ರು ಅಕ್ಕ," ಎಂದಳು ಸೌಂದರ್ಯ. ಹಾಸಿಗೆಯನ್ನು ಅವರ ಕೈಗೆ ಕೊಟ್ಟಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು, ನಾಲ್ಕು ದಿನದಲ್ಲಿ ಮೊದಲ ಸಲ ಅತ್ತಳು. ಖಮರುನ್ನಿಸಾ ಪಕ್ಕದಲ್ಲೇ ಕೂತರು. ಸಂಜೆಯ ಬಸ್ಸಿಗೆ ಇಬ್ಬರೂ ಹಾಸಿಗೆ ಹಿಡಿದು ಶೆಟ್ಟಿಕೆರೆಗೆ ಹೊರಟರು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಹೋದವರು ಬಿಟ್ಟುಹೋದ ಗಾಳಿಹಾಸಿಗೆ, ವಾಕರ್, ಗಾಲಿಕುರ್ಚಿ ಮೂಲೆಯಲ್ಲಿರಬಹುದು. ಅದರ ಮೇಲೆ ಕೈಯಿಡಲು ಸಂಕಟವಾಗುತ್ತದೆ, ನಿಜ. ಒರೆಸಿ, ಒಣಗಿಸಿ, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ. ಯಾವ ಜಾತಿ, ಯಾವ ದೇವರು ಎಂದು ವಿಚಾರಿಸುತ್ತ ಕೂರಬೇಡಿ. ನಿಮಗೆ ಪರಿಚಯವೇ ಇಲ್ಲದ ಒಂದು ಮನೆಯಲ್ಲಿ ಯಾರೋ ಬೆಳಗಿನಿಂದ ಒಂದೇ ಮಗ್ಗುಲಲ್ಲಿ ಮಲಗಿದ್ದಾರೆ.